ಕಾಶೆವ್ವ ಮತ್ತು ಮಾವನ ಚುಟ್ಟಾ

ಮಮದಾಪುರದ ಕಾಶೆವ್ವ ಯಮಕನಮರಡಿಯ ಉದ್ದಪ್ಪನ ಮನೆಗೆ ಸೊಸೆಯಾಗಿ ಬಂದದ್ದು 1920ರ ಸುಮಾರಿಗೆ. ಹೊಲದ ಒಂದು ಪಟ್ಟಿಯಲ್ಲಿ ತಂಬಾಕು ಬೆಳೆದು, ಅದರ ಎಲೆಯನ್ನೇ ಸುತ್ತಿ ಚುಟ್ಟಾ ಸೇದುವ ಮನೆ ಅದು. ಚುಟ್ಟಾ ಹಚ್ಚುವುದಕ್ಕೂ ಅಲ್ಲಿ ಒಂದು ಕ್ರಮವಿತ್ತು. ಹಿರಿಯರು ಕಟ್ಟೆಯ ಮೇಲೆ ಕುಳಿತು ಕರೆಯುವರು. ಮನೆಯ ಕಿರಿಯ ಕೂಸು ಚುಟ್ಟಾವನ್ನು ಒಲೆಗೆ ಒಯ್ದು, ಕೆಂಡಕ್ಕೆ ಹಿಡಿದು, ತಾನೇ ಒಂದೆರಡು ಸಲ ಎಳೆದು, ಹೊಗೆ ಬಂದ ಮೇಲೆ ತಂದುಕೊಡಬೇಕು. ಉದ್ದಪ್ಪ ತನ್ನ ತಂದೆಗೆ ಹಚ್ಚಿಕೊಟ್ಟು ಸೇದಲು ಕಲಿತಿದ್ದ. ಕಾಶೆವ್ವನ ಗಂಡ ತನ್ನ ತಂದೆ ಉದ್ದಪ್ಪನಿಗೆ ಹಚ್ಚಿಕೊಟ್ಟು ಕಲಿತ. ಅವಳ ಹಿರಿಯ ಮಗ ಮುರಿಗೆಪ್ಪನಂತೂ ಮೀಸೆ ಮೂಡುವ ಮೊದಲೇ ತನ್ನದೇ ಚುಟ್ಟಾ ಸುತ್ತತೊಡಗಿದ. ಅದನ್ನು ಯಾರೂ ಚಟವೆಂದು ಎಣಿಸಲಿಲ್ಲ. ಹುಡುಗ ಕೈಗೆ ಬಂದನೆಂದು ಹಿಗ್ಗಿದರು.

ಬಳಿಕ ಹಚ್ಚಿಕೊಡುವ ಕೆಲಸ ಕಾಶೆವ್ವನ ಐದು ವರ್ಷದ ಮಗಳು ಪಾರವ್ವನ ಪಾಲಿಗೆ ಬಂತು. ಮೊದಮೊದಲು ಅವಳು ಕೆಮ್ಮುತ್ತಿದ್ದಳು. ಬರಬರುತ್ತ ಕೆಮ್ಮು ನಿಂತಿತು. ಅದು ನಿಂತದ್ದು ಕಂಡೇ ಕಾಶೆವ್ವನಿಗೆ ದಿಗಿಲಾಯಿತು. ಮಗ ಆಗಲೇ ಕೈತಪ್ಪಿದ್ದ, ಮಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು. ಆದರೆ ಮಾವನ ಎದುರು ನಿಂತು ಮಾತಾಡುವ ರೂಢಿ ಸೊಸೆಯರಿಗಿರಲಿಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಿಂದ, ಕೂಸಿನ ಹೆಸರು ಹಿಡಿದು ಹೇಳಬೇಕು.

ಉದ್ದಪ್ಪ ಲಿಂಗಪೂಜೆಯಾಗದೆ ನೀರು ಕುಡಿಯದವನು. ಎಂಜಲಿನ ವಿಷಯದಲ್ಲಿ ಬಹಳ ಬಿಗಿ. ಒಂದು ಮುಂಜಾನೆ ಪಾರವ್ವ ಅವನ ತಂಬಿಗೆಗೆ ಬಾಯಿ ಹಚ್ಚಿದಳೆಂದು ಅದನ್ನು ಬೂದಿ ಹಾಕಿ ತಿಕ್ಕಿಸಿದ. ಊಟವಾದ ಮೇಲೆ ಎಂದಿನಂತೆ ಚುಟ್ಟಾ ಕೊಟ್ಟು ಅವಳನ್ನೇ ಒಳಗೆ ಕಳಿಸಿದ. ಕಾಶೆವ್ವ ಮಗಳ ಹೆಗಲು ಹಿಡಿದು ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ಪಾರಿ, ನಿಮ್ಮ ಮುತ್ಯಾಗ ಕೇಳ. ತಂಬಿಗಿಗೆ ಹತ್ತಿದ ಎಂಜಲಾ ಚುಟ್ಟಾಕ್ಕ ಹತ್ತೂದಿಲ್ಲೇನ್ರಿ ಅಂತ."

ಕಟ್ಟೆಯ ಮೇಲೆ ಉದ್ದಪ್ಪ ನಕ್ಕುಬಿಟ್ಟ.

"ಪಾರಿ, ನಿಮ್ಮವ್ವಗ ಹೇಳ. ಇಷ್ಟ ವರ್ಷ ನಾ ಎಂಜಲಾನ ಸೇದೇನಿ, ನಮ್ಮಪ್ಪ ನಂದ ಸೇದ್ಯಾನ. ತಾ ಇಲ್ಲೆ ಅದನ್ನ."

ಅಂದಿನಿಂದ ಅವನು ಹೊಲಕ್ಕೆ ಒಯ್ಯುವ ಚಕಮಕಿ ಕಲ್ಲನ್ನೇ ಕಟ್ಟೆಗೂ ತಂದು, ಕಿಡಿ ಹಾರಿಸಿ, ತಾನೇ ಹಚ್ಚಿಕೊಳ್ಳತೊಡಗಿದ. ಕಾಶೆವ್ವ ಗೆದ್ದೆನೆಂದುಕೊಂಡಳು. ಆದರೆ ಪಾರವ್ವ ಬಿಡಲಿಲ್ಲ. ಒಂದು ಸಂಜೆ ಉದ್ದಪ್ಪ ಹೊಲದಿಂದ ಬಂದಾಗ ಅವಳು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ, ಜೋಳದ ದಂಟಿನ ತುಂಡು ಬಾಯಲ್ಲಿಟ್ಟು, ಥೇಟ್ ಅವನಂತೆಯೇ ಒಂದು ಕಣ್ಣು ಕಿರಿದುಮಾಡಿ ಕುಳಿತಿದ್ದಳು. ಏನು ಮಾಡುತ್ತಿರುವೆ ಎಂದು ಕೇಳಿದ.

"ನಾ ಮುತ್ಯಾ ಆಗೇನಿ. ಸುಮ್ಮಕಿರು, ಸೇದಾಕತ್ತೇನಿ."

ಬಾಗಿಲ ಮರೆಯಲ್ಲಿ ಕಾಶೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಉದ್ದಪ್ಪ ನಗಲಿಲ್ಲ. ಮರುದಿನದಿಂದ ಅವನ ಚುಟ್ಟಾ ದನದ ಕೊಟ್ಟಿಗೆಯ ಹಿಂದಕ್ಕೆ ಹೋಯಿತು. ಹಿರಿಯರ ಕಣ್ಣು ತಪ್ಪಿಸಿ ಸೇದುವ ಹುಡುಗರನ್ನು ಊರು ಕಂಡಿತ್ತು; ಮೊಮ್ಮಗಳ ಕಣ್ಣು ತಪ್ಪಿಸುವ ಮುದುಕನನ್ನು ಕಂಡಿರಲಿಲ್ಲ. ಪಾರವ್ವ "ಮುತ್ಯಾ" ಎಂದು ಹುಡುಕುತ್ತ ಬಂದರೆ ಅವನು ಉರಿಯುವ ಚುಟ್ಟಾವನ್ನು ಧೋತರದ ಮಡಿಕೆಯಲ್ಲಿ ಅಡಗಿಸಿ, ಎಮ್ಮೆಯ ಮೈ ಸವರುತ್ತ ನಿಲ್ಲುತ್ತಿದ್ದ.

ಮುರಿಗೆಪ್ಪ ಕೊನೆಯವರೆಗೂ ಸೇದಿದ. ಆದರೆ ತನಗೆ ಮಕ್ಕಳಾದ ಮೇಲೆ ಅವನೂ ಕೊಟ್ಟಿಗೆಯ ಹಿಂದಕ್ಕೇ ಹೋದ. ಪಾರವ್ವ ಮತ್ತೆಂದೂ ಚುಟ್ಟಾ ಬಾಯಿಗಿಡಲಿಲ್ಲ. ಕಾಶೆವ್ವನಂತೂ ಒಗೆಯಲು ಬಂದ ಧೋತರದಲ್ಲಿ ಸುಟ್ಟ ಹೊಸ ತೂತು ಕಂಡರೆ, ಯಾರಿಗೂ ಹೇಳದೆ ಅದನ್ನು ಹೊಲಿದು, ಅಂದು ರಾತ್ರಿ ಮಾವನ ರೊಟ್ಟಿಗೆ ಬೆಣ್ಣೆಯನ್ನು ತುಸು ಹೆಚ್ಚೇ ಹಾಕುತ್ತಿದ್ದಳು.