ಮೀನುಗಳ ಉಪವಾಸ

ಗುಜರಾತಿನ ಮಕರಪುರದ ಕಾರ್ಖಾನೆಯಲ್ಲಿ ನಾನಿನ್ನೂ ಟ್ರೈನಿ ಕೆಮಿಸ್ಟ್. ಮಾಲೀಕರಾದ ಸೇಠ್‌ಜಿ ತಮ್ಮ ಕ್ಯಾಬಿನ್ನಿನ ಅಕ್ವೇರಿಯಂ ತೋರಿಸಿ, "ಬೇಟಾ, ಈ ಗಿಡಗಳನ್ನು ಬದುಕಿಸು, ಕೆಲಸ ಖಾಯಂ ಮಾಡ್ತೀನಿ" ಅಂದರು. ನೀರು ಪರೀಕ್ಷಿಸಿದರೆ ನೈಟ್ರೇಟ್ ಮಿತಿಮೀರಿತ್ತು. ಎಲೆಗಳ ಮೇಲೆಲ್ಲ ಪಾಚಿ. ಕಾರಣ, ಪುಣ್ಯಕ್ಕೆಂದು ಅವರು ಮೀನಿಗೆ ದಿನವಿಡೀ ಉದುರಿಸುತ್ತಿದ್ದ, ಕಡಲೆಹಿಟ್ಟಿನ ಕರಿದ ತಿಂಡಿ ಗಾಂಠಿಯಾ. ಅದನ್ನು ಮುಖಕ್ಕೆ ಹೇಳುವ ಧೈರ್ಯ ನನಗೆಲ್ಲಿ? ನೆಲ ನೋಡುತ್ತಾ, "ಸರ್, ಮೀನುಗಳಿಗೂ ಆಗಾಗ ಉಪವಾಸ ಮಾಡಿಸಿದರೆ ಒಳ್ಳೆಯದು" ಅಂದೆ.

"ಅರೇ ವಾಹ್! ನನಗಿದು ಹೊಳೆದೇ ಇರಲಿಲ್ಲ ನೋಡು" ಎಂದು ಸೇಠ್‌ಜಿ ಗದ್ಗದಿತರಾದರು.

ಮರುದಿನ ಗಾಂಠಿಯಾ ನಿಜಕ್ಕೂ ನಿಂತಿತ್ತು. ಬದಲಿಗೆ, ಅಲ್ಲಿಯವರು ಉಪವಾಸಕ್ಕೆಂದೇ ಕರಿಯುವ ಆಲೂಗಡ್ಡೆ ಚಿವ್ಡಾ ನೀರಿನ ಮೇಲೆ ತೇಲುತ್ತಿತ್ತು.

"ಪಾಪ, ಪೂರ್ತಿ ಖಾಲಿ ಹೊಟ್ಟೇಲಿ ಇರಿಸೋಕಾಗುತ್ತಾ?" ಅಂದರು.

ಏಕಾದಶಿಗೆ ನಮ್ಮಮ್ಮ ಮಾಡುವ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಕಣ್ಣ ಮುಂದೆ ಬಂದವು. ಕೆಲಸ ಹೋದರೆ ಹೋಗಲಿ, ಉಪವಾಸದ ವಿಷಯದಲ್ಲಿ ವಾದಿಸುವ ಮುಖ ನನಗಿರಲಿಲ್ಲ.