ಈಳಿಗೆ ಮಣೆಗೆ ಪಿಸ್ತೂಲು ತೋರಿಸಿದರು

ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಪ್ಲೇನ್‌ಫೀಲ್ಡ್‌ನ ನಾಗರಾಜ ಅಂಕಲ್ ಅಮೆರಿಕದ ಪೊಲೀಸರ ತುರ್ತು ನಂಬರ್ 911ಗೆ ಮಾಡಿದ ಕಾಲ್ ಅವರ ಫೋನಿನಲ್ಲಿ ಇನ್ನೂ ಇದೆ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಕನ್ನಡದ ಹುಡುಗರ ಸಂಕ್ರಾಂತಿ ಊಟ. ಕೋಸಂಬರಿಗೆ ಹಸಿ ಕಾಯಿಯೇ ಬೇಕೆಂದು ಹಟ ಹಿಡಿದವರು ಇದೇ ಅಂಕಲ್. (ಫ್ರೋಜನ್ ತುರಿ ಸಿಗುತ್ತದೆ. ಅವರ ನಾಲಿಗೆ ಒಪ್ಪಬೇಕಲ್ಲ!) ಈಳಿಗೆ ಮಣೆ ನನ್ನ ಕಾರಿನಲ್ಲಿತ್ತು. ಸಹೋದ್ಯೋಗಿ ಡೆರಿಕ್, "ನಾನು ತರ್ತೀನಿ, ಕೀ ಕೊಡು" ಎಂದು ಹೋದ. ಡೆಟ್ರಾಯ್ಟ್‌ನ ಕಪ್ಪು ಜನಾಂಗದವನು, ಆರಡಿಗೂ ಮೀರಿದ ಎತ್ತರ. 'ಬಿಳಿತನ ಚರ್ಮದ ಬಣ್ಣವಲ್ಲ, ಸಮಾಜ ಕಟ್ಟಿದ್ದು' ಎಂಬ ಪಾಠವನ್ನು ಆ ವಾರವಷ್ಟೇ ಇಬ್ಬರೂ ಸೇರಿ ಮಾಡಿದ್ದೆವು. ಸ್ಲೈಡ್ ನನ್ನದೇ!

ಬಾಗಿದ ಅಲಗಿನ ಮಣೆಯನ್ನು ಹೆಗಲಿಗೇರಿಸಿ ಅವನು ಕಾರಿಡಾರ್‌ನಲ್ಲಿ ಬರುತ್ತಿದ್ದುದನ್ನು ಅಂಕಲ್ ನೋಡಿದರು. ಅದರಲ್ಲೇ ತುರಿದ ಕಾಯಿ ತಿಂದು ಬೆಳೆದವರು! ಮಣೆ ಕಾಣಲೇ ಇಲ್ಲ, 911 ಒತ್ತಿಬಿಟ್ಟರು.

ಕ್ಯಾಂಪಸ್‌ನಲ್ಲೇ ಇದ್ದ ಇಬ್ಬರು ಪೊಲೀಸರು ನಿಮಿಷದೊಳಗೆ ಓಡಿಬಂದು ಪಿಸ್ತೂಲು ಚಾಚಿ ಕೂಗಿದರು. "ಅದನ್ನ ಕೆಳಗಿಡು! ಕೈ ಮೇಲೆತ್ತು!" ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದು, ಸ್ವಾಮಿ? ಡೆರಿಕ್ ಮಗುವನ್ನು ಮಲಗಿಸುವ ಹಾಗೆ ಬಗ್ಗಿ ಮಣೆ ಇಟ್ಟ. ಅಡುಗೆಮನೆಯಿಂದ ಓಡಿಬಂದ ನಾನು ಕಿರುಚಿದೆ, ಅದೂ ಕನ್ನಡದಲ್ಲಿ: "ಅಯ್ಯೋ, ಅದು ಕಾಯಿ ತುರಿಯೋದು ಕಣ್ರೀ!"

"ಮ್ಯಾಮ್, ಸ್ವಲ್ಪ ಹಿಂದೆ ನಿಲ್ಲಿ, ಪ್ಲೀಸ್" ಎಂದರು, ಮೃದುವಾಗಿ.

ನನ್ನ ಬಲಗೈಯಲ್ಲಿ ಕುಂಬಳಕಾಯಿ ಹೆಚ್ಚುವ ಚಾಕು ಇತ್ತು. ಗೇಣುದ್ದದ್ದು. ಅದನ್ನು ಬೀಸುತ್ತಲೇ ಕಿರುಚಿದ್ದೆ. ಯಾರೂ ನೋಡಲಿಲ್ಲ. ನಾನೂ! ಸ್ಲೈಡಿನಲ್ಲಿದ್ದ ಬಿಳಿತನ ಆ ಐದು ನಿಮಿಷ ನನ್ನ ಮೈಮೇಲೇ ಇತ್ತು. ಮೈಬಣ್ಣ ರಾಗಿಮುದ್ದೆಯದಾದರೇನು?

ಅದು ಅಡುಗೆ ಸಾಮಾನೆಂದು ಪೊಲೀಸರಿಗೆ ಗೊತ್ತಾಗಿ ಪಿಸ್ತೂಲು ಒಳಗೆ ಹೋದ ಮೇಲೆ ನನಗೆ ನಗು ಶುರುವಾಯಿತು, ನಿಲ್ಲಲೇ ಇಲ್ಲ. ನೆಲದ ಮೇಲೆ ಕೂತು ನಕ್ಕೆ. ಅಂಕಲ್ ಬೆವರುತ್ತಾ ಬಂದರು. "ನಂದೇ ತಪ್ಪಮ್ಮಾ. ಭಯ ಆಗ್ಬಿಡ್ತು."

"ಯಾವ್ದನ್ನ ನೋಡಿ ಅಂಕಲ್? ಮಣೆನಾ, ಅವನನ್ನಾ?"

ಅವರು ಅಂದು ಊಟ ಮಾಡಲಿಲ್ಲ.

ಸೋಮವಾರ ಕಾಲೇಜು ಡೆರಿಕ್ ಹೆಸರಿನಲ್ಲಿ ವಿಚಾರಣೆಯ ಫೈಲ್ ತೆರೆಯಿತು: 'ಆಯುಧದಂಥ ವಸ್ತು.' ಮುಂದಿನ ಸೆಮಿಸ್ಟರ್‌ನ ಅವನ ಕೆಲಸ ಆ ಫೈಲಿನ ಮೇಲೆ ನಿಂತಿತ್ತು. "ಚಾಕು ಹಿಡಿದವಳು ನಾನು, ನನ್ನ ಹೆಸರೂ ಬರ್ಕೊಳ್ಳಿ" ಎಂದು ಹೋದೆ. "ನೀವು ಅಡುಗೆ ಮಾಡ್ತಿದ್ರಿ ಅಲ್ವಾ?" ಎಂದು ಅಧಿಕಾರಿ ನಕ್ಕರು. (ಅವರ ಹಿಂದೆ ಸಮಾನತೆಯ ಪೋಸ್ಟರ್!) ಕೊನೆಗೆ ಅಂಕಲ್ ಡ್ರೈವ್ ಮಾಡಿಕೊಂಡು ಬಂದು ಬರೆದುಕೊಟ್ಟರು: 'ಅವನ ಕೈಲಿದ್ದದ್ದು ಅಡುಗೆ ಸಾಮಾನು. ನಾನು ಹೆದರಿದ್ದು ಮನುಷ್ಯನಿಗೆ.'

ಸತತ ಹನ್ನೆರಡು ರಾತ್ರಿ ಕನಸಿನಲ್ಲಿ ಮಣೆ ಡೆರಿಕ್‌ನ ಕೈಯಿಂದ ಜಾರುತ್ತಿತ್ತು. ನೆಲಕ್ಕೆ ಬೀಳುವ ಮೊದಲೇ ನನಗೆ ಎಚ್ಚರ.

ಮೊನ್ನೆ ಗುರುವಾರ ಅವನ ಫೈಲ್ ಮುಚ್ಚಿದರು. ಅಂದು ಬೆಳಗಾಗುವವರೆಗೂ ಗೊರಕೆ ಹೊಡೆದೆ. ನನ್ನ ಹೆಸರಿನ ಫೈಲ್ ಮುಚ್ಚುವ ಪ್ರಶ್ನೆಯೇ ಇಲ್ಲ, ಅದನ್ನು ತೆರೆದವರು ಯಾರು?