ಭಾಗವ್ವನ ಪತ್ರದಲ್ಲಿದ್ದ ಶಬ್ದ

ಭಾಗವ್ವ ಅಲೆವೂರಿನ ನಮ್ಮ ಮನೆಗೆ ಮೊದಲು ಬಂದದ್ದು ಈ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ. ನನ್ನ ಹೆಂಡತಿಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವಾಗಿತ್ತು. ಮನೆಗೆಲಸಕ್ಕೆ ಯಾರಾದರೂ ಇದ್ದರೆ ಹೇಳಿ ಎಂದು ಪಕ್ಕದ ಮನೆಯ ಡುಲ್ಸಿನ್ ಬಾಯಿಗೆ ತಿಳಿಸಿದ್ದೆ. ಅವರೇ ಈಕೆಯನ್ನು ಕರೆದುಕೊಂಡು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಹುನಗುಂದದ ಕಡೆಯವಳು. ಗಂಡ ಕಲ್ಲಯ್ಯ ಮಣಿಪಾಲದ ಕಟ್ಟಡವೊಂದರ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆಕೆ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. "ಮೊದಲ ಇದನ್ನ ಓದ್ರಿ ಸರ. ಆಮ್ಯಾಲೆ ಮಾತಾಡೂಣು."

"ಲ್ಯಾಮಿನೇಷನ್ ಬೇರೆ ಮಾಡಿಸಿದ್ದಾಳೆ ನೋಡಿ ಮಾಸ್ಟ್ರೇ, ದೊಡ್ಡ ಪದವಿ ಸಿಕ್ಕಿದ ಹಾಗೆ!" ಎಂದು ಡುಲ್ಸಿನ್ ಬಾಯಿ ನಕ್ಕರು.

"ಮಳೀಗೆ ತೊಯ್ಯಬಾರದಲ್ರೀ ಬಾಯಿ. ನಾಕು ವರ್ಷದ ದುಡಿತ ಐತಿ ಅದರಾಗ."

ಮಣಿಪಾಲದ ಖಾಸಗಿ ಮಹಿಳಾ ಹಾಸ್ಟೆಲೊಂದು ಇಂಗ್ಲಿಷಿನಲ್ಲಿ ಕೊಟ್ಟ ಪತ್ರ. ಸಮಯಕ್ಕೆ ಸರಿಯಾಗಿ ಬರುವವಳು, ಶ್ರಮಜೀವಿ ಎಂದು ಮೊದಲೆರಡು ಸಾಲು. ಮೂರನೆಯ ಸಾಲಿನಲ್ಲಿ, ನಿವಾಸಿಗಳ ವಸ್ತುಗಳ ವಿಷಯದಲ್ಲಿ ಈಕೆಗೆ ಒಂದು ಬಗೆಯ 'ಪ್ರೊಪೆನ್ಸಿಟಿ' ಇದೆ ಎಂದಿತ್ತು.

ಎಷ್ಟು ಮನೆಗಳಲ್ಲಿ ತೋರಿಸಿದ್ದೀ ಎಂದು ಕೇಳಿದೆ. ಹದಿನೇಳು ಮನೆ ಎಂದಳು. ಎಲ್ಲರೂ ಓದಿ, ಫೋನ್ ಮಾಡುತ್ತೇವೆ ಎಂದು ಕಳಿಸಿದ್ದರು. ತನ್ನ ಮಾತಿನ ಧಾಟಿ ಇಲ್ಲಿಯವರಿಗೆ ಹಿಡಿಸುವುದಿಲ್ಲವೇನೋ ಎಂದು ಆಕೆ ಅಂದುಕೊಂಡಿದ್ದಳು.

"ಮಗಳು ಓದಲಿಲ್ಲವೇ?"

"ಶಶಿಕಲಾ ಓದ್ಯಾಳ್ರಿ. ಒಂದು ಶಬ್ದ ತಿಳೀಲಿಲ್ಲ. ಫೋನಿನ್ಯಾಗ ನೋಡಿದ್ರ 'ಒಲವು' ಅಂತ ಬಂತು. ಹುಡುಗ್ಯಾರ ಸಾಮಾನು ಜ್ವಾಕಿಲೆ ನೋಡ್ತಾಳ ಅಂತ ಬರದಾರ, ಹೌದಲ್ರೀ?"

ಫೋನು ಸುಳ್ಳು ಹೇಳಿರಲಿಲ್ಲ. ಕಾಪುವಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸುವಾಗ ನಾನೂ ಮಕ್ಕಳಿಗೆ ಒಲವು, ಪ್ರವೃತ್ತಿ ಎಂದೇ ಅರ್ಥ ಬರೆಸಿದ್ದೆ. ಆದರೆ ನಿಘಂಟು ಬೇರೆ, ಬಳಕೆ ಬೇರೆ. ಸಂಗೀತದ ಕಡೆಗೆ ಮನಸ್ಸು ಹರಿದರೆ ಅದಕ್ಕೆ ಬೇರೆ ಶಬ್ದಗಳಿವೆ. ಕುಡಿತ, ಸುಳ್ಳು, ಜಗಳಗಳ ಕಡೆಗೆ ವಾಲಿದರೆ ಹೆಚ್ಚಾಗಿ ಈ ಶಬ್ದ ಬರುತ್ತದೆ. ನಮ್ಮಲ್ಲಿ 'ಚಾಳಿ' ಎನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಆದರೆ ಚಾಳಿ ಎನ್ನಬೇಕಾದರೆ ಮನುಷ್ಯ ಆ ಕೆಲಸವನ್ನು ನಾಲ್ಕು ಸಲವಾದರೂ ಮಾಡಿರಬೇಕು. ಪ್ರೊಪೆನ್ಸಿಟಿಗೆ ಅದೂ ಬೇಡ. ಏನನ್ನೂ ಮಾಡದವರ ಮೇಲೂ ಅದನ್ನು ಹೊರಿಸಬಹುದು.

ಹುಡುಗಿಯರ ಸಾಮಾನಿಗೆ ಕೈ ಹಾಕುವ ಬುದ್ಧಿ ಇದೆ ಎಂದೇ ಓದುವವರು ತಿಳಿಯುತ್ತಾರೆ. ಇದನ್ನು ಹೇಳದೆ ಬೇರೆ ದಾರಿ ಇರಲಿಲ್ಲ. ಹೇಳಿದೆ. ಭಾಗವ್ವ ಹಾಳೆಯನ್ನು ನನ್ನ ಕಡೆ ಸರಿಸಿದಳು. "ಯಾವ ಶಬ್ದರೀ ಅದು? ಬೊಟ್ಟಿಟ್ಟು ತೋರಿಸ್ರಿ" ಎಂದಳು. ತೋರಿಸಿದೆ. ಅದರ ಮೇಲೆ ತನ್ನ ಬೆರಳನ್ನೂ ಇಟ್ಟಳು. "ನಾನ ನನ್ನ ಕೈಯಾರೆ ಹದಿನೇಳು ಮನೀಗೆ ಇದನ್ನ ಹಂಚಿ ಬಂದೆ."

ನಡೆದದ್ದು ಇಷ್ಟು. ಹಾಸ್ಟೆಲಿನಲ್ಲಿದ್ದ ಗದಗಿನ ಹುಡುಗಿಯೊಬ್ಬಳು ಓದು ಮುಗಿಸಿ ಹೊರಡುವ ದಿನ, ವಿಧವೆಯರಿಗೆ ಉಡಿ ತುಂಬಬಾರದೆಂಬ ರೂಢಿಯನ್ನು ಬದಿಗಿಟ್ಟು, ಭಾಗವ್ವನಿಗೆ ಉಡಿ ತುಂಬಿದ್ದಳು. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ, ಪ್ರೀತಿಯಿಂದ ತನ್ನ ಕೈಗಡಿಯಾರವನ್ನೂ ಇಟ್ಟಿದ್ದಳು. ಸಂಜೆ ಗೇಟಿನಲ್ಲಿ ತಪಾಸಣೆ ಮಾಡುವಾಗ ಗಡಿಯಾರ ಕಂಡಿತು. ಹುಡುಗಿಗೆ ಫೋನ್ ಸಿಗುವವರೆಗೆ ಆಫೀಸಿನಲ್ಲಿ ಇಟ್ಟು ಹೋಗು ಎಂದರು. ಭಾಗವ್ವ ಒಪ್ಪಲಿಲ್ಲ. ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಟ್ಟರೆ ಕೊಟ್ಟವಳಿಗೆ ಕೇಡು ಎಂಬುದು ಅವಳ ಊರಿನ ನಂಬಿಕೆ. ಸೆರಗು ಬಿಗಿ ಹಿಡಿದು ನಿಂತಳು. ನೋಡುವವರಿಗೆ ಅದು ಬೇರೆಯೇ ಆಗಿ ಕಂಡಿತು. ಕೆಲಸದಿಂದ ಬಿಡಿಸಿ, ಈ ಪತ್ರ ಕೊಟ್ಟು ಕಳಿಸಿದರು.

ಆಕೆ ನನಗೆ ಪತ್ರ ತೋರಿಸಿದ ಮರುದಿನವೇ ನಾನು ಅವಳೊಂದಿಗೆ ಹಾಸ್ಟೆಲಿಗೆ ಹೋದೆ. ಮೇಲ್ವಿಚಾರಕಿ ಮರ್ಯಾದೆಯಿಂದಲೇ ಕೂರಿಸಿದರು.

"ಇವಳು ಕಳ್ಳಿ ಅಂತ ನಾನು ಬರೆದಿದ್ದೇನಾ ಮಾಸ್ಟ್ರೇ? ಹುಡುಗಿ ಆಮೇಲೆ ಫೋನಿನಲ್ಲಿ ನಾನೇ ಕೊಟ್ಟದ್ದು ಅಂದಳು. ಹಾಗಾಗಿ ಕದ್ದಳು ಅಂತ ಬರೀಲಿಕ್ಕೆ ಆಗುದಿಲ್ಲ."

"ಹಾಗಾದರೆ ಆ ಸಾಲು ಯಾಕೆ?"

"ಕೊಡು ಅಂದರೆ ಕೊಡಲಿಲ್ಲ ಅಲ್ವಾ? ನಾಳೆ ಎಂತ ಬೇಕಾದರೂ ಆದೀತು. ಆಗ ಎಲ್ಲರೂ ನನ್ನನ್ನು ಕೇಳುದು."

ಮಾಡಿದಳು ಎಂದು ಬರೆದಿದ್ದರೆ ಯಾವಾಗ, ಏನು, ಯಾರು ನೋಡಿದರು ಎಂದು ಕೇಳಬಹುದಿತ್ತು. ಮಾಡಬಹುದು ಎಂಬುದಕ್ಕೆ ಸಾಕ್ಷಿ ಕೇಳುವುದು ಹೇಗೆ? ಅರ್ಧ ಗಂಟೆ ವಾದಿಸಿದ ಮೇಲೆ ಅವರು ಹೊಸ ಪತ್ರ ಟೈಪ್ ಮಾಡಿಸಿದರು. ಅಂತಹ ಪ್ರೊಪೆನ್ಸಿಟಿ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಭಾಗವ್ವ ನನ್ನ ಮುಖ ನೋಡಿದಳು.

"ಆ ಶಬ್ದ ಇದರಾಗೂ ಐತೇನ್ರಿ?"

"ಉಂಟು. ಆದರೆ 'ಇಲ್ಲ' ಎಂದು ಬರೆದಿದ್ದಾರೆ."

"ಇಲ್ಲ ಅಂತ ಯಾರ ಬಗ್ಗೆ ಬರೀತಾರ್ರೀ? ಐತಿ ಅಂತ ಸಂಶೇ ಇದ್ದವರ ಬಗ್ಗೆ. ನಿಮ್ಮ ಬಗ್ಗೆ ಬರೀತಾರೇನು?"

ಆ ಪತ್ರವನ್ನು ಆಕೆ ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಮೇಲ್ವಿಚಾರಕಿಗೆ ಸಿಟ್ಟು ಬಂದು, ಇನ್ನು ನನ್ನ ಹತ್ತಿರ ಬರಬೇಡಿ ಎಂದರು.

ಭಾಗವ್ವನಿಗೆ ಬರಿಯ ಕೆಲಸವಲ್ಲ, ಉಳಿಯಲು ಕೋಣೆ ಕೊಡುವ ಮನೆ ಬೇಕಿತ್ತು. ತಾಯಿ ಮಗಳು ಇದ್ದ, ಕಟ್ಟಡ ಕೂಲಿಕಾರರ ತಗಡಿನ ಶೆಡ್ಡನ್ನು ಕಂಟ್ರಾಕ್ಟರ್ ಮಳೆಗಾಲದೊಳಗೆ ಕೀಳಿಸುವವನಿದ್ದ. ಶಶಿಕಲಾ ಜೂನಿನಲ್ಲಿ ಹತ್ತನೆಯ ತರಗತಿಗೆ ಹೋಗಬೇಕು. ಊರಿಗೆ ಮರಳಿದರೆ ಅವಳ ಓದು ಅಲ್ಲಿಗೇ ಮುಗಿದಂತೆ. ನಮ್ಮದು ಎರಡು ಕೋಣೆಯ ಮನೆ. ಕೆಲಸ ಕೊಡಲು ಸಾಧ್ಯವಾಯಿತು, ಕೋಣೆ ಕೊಡಲು ಆಗಲಿಲ್ಲ.

ಅರವತ್ತೆರಡು ದಿನ ಆಕೆ ನಮ್ಮಲ್ಲಿ ದುಡಿದಳು. ಬೆಳಿಗ್ಗೆ ಆರೂವರೆಗೆ ಬಂದು ನನ್ನ ಹೆಂಡತಿಯನ್ನು ತೋಳು ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದಳು. ಆದರೆ ಆ ಶಬ್ದ ಒಳಗೆ ಇಳಿದುಬಿಟ್ಟಿತ್ತು. ಒರೆಸುವಾಗ ಮೇಜಿನ ಮೇಲೆ ಚಿಲ್ಲರೆ ಕಂಡರೆ ನಮ್ಮಲ್ಲೊಬ್ಬರನ್ನು ಕರೆದು ನಿಲ್ಲಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಶಶಿಕಲಾಳಿಗೆಂದು ನಾಲ್ಕು ಬಾಳೆಹಣ್ಣು ಕೊಡಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಅಮ್ಮಾರ. ಕೈ ಚಾಚಲಾಕ ಅಂಜಿಕಿ ಬರ್ತೈತಿ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಸರ, ಓದಿದವರು ಸುಮ್ಮನ ಬರೀತಾರೇನ್ರಿ? ನನಗ ಗೊತ್ತಿಲ್ದಂಗ ನನ್ನೊಳಗ ಅದು ಐತೇನ್ರಿ?"

ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಆಕೆ ನಂಬಲಿಲ್ಲ.

ಜೂನ್ ಮೊದಲ ವಾರ ಶೆಡ್ಡು ಕಿತ್ತರು. ಡುಲ್ಸಿನ್ ಬಾಯಿ, "ಹುಡುಗಿ ನಮ್ಮಲ್ಲಿ ಮಲಗಲಿ ಮಾರಾಯ್ತಿ. ಆದರೆ ಅಕ್ಟೋಬರಿನವರೆಗೆ ಮಾತ್ರ, ಆಮೇಲೆ ಕಾರ್ಕಳದಿಂದ ನನ್ನ ತಂಗಿ ಮಕ್ಕಳನ್ನು ಕಟ್ಟಿಕೊಂಡು ಬರುದುಂಟು" ಎಂದರು. ಭಾಗವ್ವ ನಮ್ಮ ಕೆಲಸ ಬಿಟ್ಟು, ರಾತ್ರಿ ಮಲಗಲೂ ಜಾಗ ಸಿಗುವ ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣಕ್ಕೆ ಸೇರಿದಳು. ಅಲ್ಲಿ ಪತ್ರ ಕೇಳುವುದಿಲ್ಲ. ತನ್ನ ಸೀಮೆಯಿಂದಲೇ ಲಾರಿಯಲ್ಲಿ ಬರುವ ಈರುಳ್ಳಿಯಲ್ಲಿ ಕೊಳೆತದ್ದನ್ನು ಆರಿಸಿ ತೆಗೆಯುವ ಕೆಲಸ. ಗೋದಾಮಿನ ಜಗಲಿಯಲ್ಲಿ ಇತರ ಹೆಂಗಸರ ಜೊತೆ ಮಲಗುತ್ತಾಳೆ.

ಭಾನುವಾರ ಮಾತ್ರ ಮನೆ ಹುಡುಕುತ್ತ ಹೋಗುತ್ತಾಳೆ. ಹಾಳೆ ಒಯ್ಯುವುದಿಲ್ಲ. ಗೇಟಿನಲ್ಲೇ ನಿಂತು ಗಡಿಯಾರದ ಕಥೆಯನ್ನು ತಾನೇ ಹೇಳಿಬಿಡುತ್ತಾಳೆ. ಹೆಚ್ಚಿನವರು ಅರ್ಧಕ್ಕೇ ಬಾಗಿಲು ಹಾಕುತ್ತಾರೆ. ಹೋದ ವಾರ ಕಾಪುವಿನಲ್ಲಿ ಮೆಹರುನ್ನಿಸಾ ಎಂಬವರು ಪೂರ್ತಿ ಕೇಳಿದರಂತೆ. ಅವರ ಗಂಡ ದುಬೈಯಲ್ಲಿದ್ದಾರೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಹಿತ್ತಲಲ್ಲಿ ಒಂದು ಕೋಣೆ ಖಾಲಿ ಇದೆ. ಭಾಗವ್ವ ಕೊಟ್ಟ ನಂಬರಿನಿಂದ ಅವರು ನನಗೆ ಫೋನ್ ಮಾಡಿದರು.

"ಮಾಸ್ಟ್ರೇ, ಹೆಂಗಸಿನ ಸ್ವಭಾವ ಹೇಗೆ?"

ಒಳ್ಳೆಯ ಸ್ವಭಾವ ಎಂದುಬಿಡುವುದು ಸುಲಭವಿತ್ತು. ಆ ಮಾತನ್ನು ಬಿಟ್ಟು, ಅರವತ್ತೆರಡು ದಿನ ಆಕೆ ಎಷ್ಟು ಗಂಟೆಗೆ ಬಂದಳು, ಏನೇನು ಮಾಡಿದಳು ಎಂದಷ್ಟೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ದುಬೈಗೆ ಫೋನ್ ಮಾಡಿ ಇವರ ಹತ್ತಿರ ಕೇಳಿ ಶುಕ್ರವಾರ ಹೇಳ್ತೇನೆ" ಎಂದರು.

ಇಂದು ಮಂಗಳವಾರ. ಬೆಳಿಗ್ಗೆ ಪ್ರಾಂಗಣಕ್ಕೆ ಹೋಗಿ ಈ ಸುದ್ದಿ ತಿಳಿಸಿದೆ. ಭಾಗವ್ವ ಈರುಳ್ಳಿ ರಾಶಿಯಿಂದ ತಲೆ ಎತ್ತಲಿಲ್ಲ.

"ಅಕ್ಟೋಬರ್ ಅಂದ್ರ ಇನ್ನ ಎಷ್ಟು ದಿನ ಐತ್ರಿ ಸರ?" ಎಂದಷ್ಟೇ ಕೇಳಿ, ಇನ್ನೊಂದು ಚೀಲದ ಬಾಯಿ ಬಿಚ್ಚಿದಳು.